ಉಪಗ್ರಹದಿಂದ ಬಂದ ವಿಜ್ಞಾನ ಪಾಠ: ಸೈಟ್ ಪ್ರಯೋಗ ಮತ್ತು ಕನ್ನಡ ಶಾಲಾ ಮಕ್ಕಳು

ದೂರದರ್ಶನವು ನಗರದ ಮಾಧ್ಯಮ, ಅದು ರಾಜಧಾನಿಯಿಂದ ಹಳ್ಳಿಯತ್ತ ಹರಿದುಬಂದುದು ಎಂಬ ತಿಳುವಳಿಕೆ ರೂಢಿಯಲ್ಲಿದೆ. ಕರ್ನಾಟಕದ ಮಟ್ಟಿಗೆ ಈ ತಿಳುವಳಿಕೆ ಚರಿತ್ರೆಯ ಕ್ರಮವನ್ನೇ ತಲೆಕೆಳಗು ಮಾಡುತ್ತದೆ. ಬೆಂಗಳೂರಿನಲ್ಲಿ ದೂರದರ್ಶನ ಪ್ರಸಾರ ಆರಂಭವಾದುದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ, ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಪೆಟ್ಟಿಗೆಯ ಮುಂದೆ ಸಾಲಾಗಿ ಕುಳಿತ ಪ್ರಾಥಮಿಕ ಶಾಲೆಯ ಮಕ್ಕಳು ಕನ್ನಡದಲ್ಲಿಯೇ ವಿಜ್ಞಾನದ ಕಿರುಚಿತ್ರಗಳನ್ನು ನೋಡಿದ್ದರು. ರಾಜಧಾನಿಯ ಮಕ್ಕಳಿಗೆ ಇನ್ನೂ ಲಭ್ಯವಾಗದಿದ್ದ ಸಾಧನವೊಂದು ಬರಪೀಡಿತ ಬಯಲುಸೀಮೆಯ ಮಕ್ಕಳಿಗೆ ಮೊದಲು ದೊರೆತ ಅಪರೂಪದ ಪ್ರಸಂಗ ಇದು. ಅದು ಸರಿಯಾಗಿ ಒಂದು ವರ್ಷ ನಡೆದು ನಿಂತುಹೋಯಿತು. ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ 'ಸೈಟ್' ಎಂದು ಪ್ರಸಿದ್ಧವಾದ ಈ ಪ್ರಯತ್ನದಲ್ಲಿ ಕನ್ನಡಕ್ಕೆ ದೊರೆತ ಸ್ಥಾನವೇನು, ಆ ಸ್ಥಾನ ಮುಂದೆ ಏನಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಮಕ್ಕಳಿಗೆ ಹಾಗೂ ಸಾಮಾನ್ಯರಿಗೆ ಕನ್ನಡದಲ್ಲಿ ವಿಜ್ಞಾನವನ್ನು ತಿಳಿಸುವ ಪ್ರಯತ್ನ ದೂರದರ್ಶನದಿಂದ ಆರಂಭವಾದುದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ 'ವಿಜ್ಞಾನ' ಪತ್ರಿಕೆಯನ್ನು ಹೊರತಂದರು. ಶಿವರಾಮ ಕಾರಂತರ 'ಬಾಲಪ್ರಪಂಚ' 1936ರಲ್ಲಿ ಪ್ರಕಟವಾಯಿತು. ಮಗುವಿಗೆ ಜಗತ್ತಿನ ಕುತೂಹಲವನ್ನು ಅದರ ಭಾಷೆಯಲ್ಲೇ ತಣಿಸಬೇಕೆಂಬ ಹಂಬಲ ಈ ಪ್ರಯತ್ನಗಳ ಮೂಲದಲ್ಲಿತ್ತು. ಆದರೆ ಇವೆಲ್ಲ ಓದು ಬಲ್ಲವರನ್ನು, ಪುಸ್ತಕ ಕೊಳ್ಳಬಲ್ಲವರನ್ನು ತಲುಪುವ ಮಾಧ್ಯಮಗಳು. ಅಕ್ಷರದ ಹೊಸ್ತಿಲನ್ನು ಇನ್ನೂ ದಾಟದ ಮನೆಗಳ ಮಗುವಿಗೆ ಅವು ದೂರವೇ ಉಳಿದಿದ್ದವು.

ಭಾರತದಲ್ಲಿ ದೂರದರ್ಶನ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡಿತು. 1961ರಲ್ಲಿ ಅದೇ ನಗರದ ಪ್ರೌಢಶಾಲೆಗಳಿಗಾಗಿ ದೂರದರ್ಶನ ಪಾಠಗಳು ಮೊದಲಾದವು. ಪ್ರಯೋಗಾಲಯಗಳ ಕೊರತೆಯಿದ್ದ ಶಾಲೆಗಳಿಗೆ ಭೌತವಿಜ್ಞಾನ, ರಸಾಯನವಿಜ್ಞಾನಗಳ ಪ್ರಾತ್ಯಕ್ಷಿಕೆಯನ್ನು ತೆರೆಯ ಮೂಲಕ ಒದಗಿಸುವುದು ಅದರ ಒಂದು ಆಶಯವಾಗಿತ್ತು. ಅದು ನಗರಕ್ಕೆ ಸೀಮಿತವಾದ, ಪಠ್ಯಕ್ರಮಕ್ಕೆ ಕಟ್ಟುಬಿದ್ದ ಯೋಜನೆ.

ಇದನ್ನು ಮೀರಿ ಯೋಚಿಸಿದವರು ವಿಕ್ರಮ್ ಸಾರಾಭಾಯಿ. ನಗರದಿಂದ ನಗರಕ್ಕೆ ಭೂಪ್ರಸಾರ ಕೇಂದ್ರಗಳನ್ನು ಕಟ್ಟುತ್ತ ಹೋದರೆ ಹಳ್ಳಿಯ ಸರದಿ ಬರುವುದು ದಶಕಗಳ ಮೇಲೆ, ಉಪಗ್ರಹವೊಂದಿದ್ದರೆ ಅತ್ಯಂತ ದೂರದ ಹಳ್ಳಿಗೂ ಅದೇ ದಿನ ತಲುಪಬಹುದು ಎಂಬುದು ಅವರ ವಾದದ ತಿರುಳು. 1969ರ ಸೆಪ್ಟೆಂಬರ್‌ನಲ್ಲಿ ಭಾರತದ ಪರಮಾಣು ಶಕ್ತಿ ಇಲಾಖೆ ಮತ್ತು ಅಮೆರಿಕದ ನಾಸಾ ಸಂಸ್ಥೆಗಳ ನಡುವೆ ಒಪ್ಪಂದವಾಯಿತು. 1971ರ ಡಿಸೆಂಬರ್ 30ರಂದು ಸಾರಾಭಾಯಿ ತೀರಿಕೊಂಡರು. ಯೋಜನೆಯನ್ನು ಕಾರ್ಯರೂಪಕ್ಕೆ ತಂದ ಹೊಣೆ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಮೊದಲ ನಿರ್ದೇಶಕ ಯಶ್ ಪಾಲ್ ಅವರದಾಯಿತು.

ಪ್ರಯೋಗದ ಸ್ವರೂಪ

ನಾಸಾ 1974ರ ಮೇ 30ರಂದು ಉಡಾಯಿಸಿದ ಎ.ಟಿ.ಎಸ್.-6 ಉಪಗ್ರಹವನ್ನು ಮೊದಲ ವರ್ಷ ಅಮೆರಿಕವೇ ಬಳಸಿಕೊಂಡಿತು. ಅನಂತರ ಅದನ್ನು ಭಾರತಕ್ಕೆ ಕಾಣುವಂತೆ ಪೂರ್ವ ರೇಖಾಂಶ 35 ಡಿಗ್ರಿಯತ್ತ ಸರಿಸಲಾಯಿತು. ಉಪಗ್ರಹದ ಆಂಟೆನಾದ ವ್ಯಾಸ ಸುಮಾರು 9 ಮೀಟರ್. ಮೇಲಿನ ಆಂಟೆನಾ ಇಷ್ಟು ದೊಡ್ಡದಾಗಿದ್ದುದರಿಂದಲೇ ನೆಲದ ಮೇಲಿನ ಆಂಟೆನಾ ಸಣ್ಣದೂ ಅಗ್ಗವೂ ಆಗುವುದು ಸಾಧ್ಯವಾಯಿತು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಹೆಣೆದ ಸುಮಾರು 3 ಮೀಟರ್ ಅಗಲದ ಬಟ್ಟಲೊಂದು ಶಾಲೆಯ ಅಥವಾ ಪಂಚಾಯತಿ ಕಟ್ಟಡದ ಬಳಿ ನಿಂತರೆ ಸಾಕಾಗಿತ್ತು. ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆ ಗ್ರಾಮಗಳಿಗೆ ಟಿ.ವಿ. ಪೆಟ್ಟಿಗೆಗಳನ್ನು ತಯಾರಿಸಿತು.

ಆಂಧ್ರಪ್ರದೇಶ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ ಮತ್ತು ರಾಜಸ್ಥಾನ ಎಂಬ ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಲಾಯಿತು. ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ. ಅದರಲ್ಲಿ ಸಂಜೆಯ ಎರಡೂವರೆ ಗಂಟೆ ವಯಸ್ಕರಿಗೆ: ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಮನರಂಜನೆ. ಬೆಳಗಿನ ಒಂದೂವರೆ ಗಂಟೆ 5ರಿಂದ 12 ವರ್ಷದ ಶಾಲಾ ಮಕ್ಕಳಿಗೆ ಮೀಸಲು. ಈ 90 ನಿಮಿಷಗಳನ್ನು ಹಿಂದಿ, ಕನ್ನಡ, ಒರಿಯಾ ಮತ್ತು ತೆಲುಗು ಭಾಷೆಗಳಿಗೆ ಸಮನಾಗಿ ಹಂಚಲಾಯಿತು. ಕನ್ನಡದ ಪಾಲಿಗೆ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ. ಸಂಖ್ಯಾಬಲದಲ್ಲಿ ಹಿಂದಿಗೂ ಕನ್ನಡಕ್ಕೂ ಇದ್ದ ಅಂತರವನ್ನು ನೆನೆದರೆ ಈ ಸಮಪಾಲಿನ ಮಹತ್ವ ತಿಳಿಯುತ್ತದೆ.

ಆಕಾಶವಾಣಿಯು ದೆಹಲಿ, ಕಟಕ್ ಮತ್ತು ಹೈದರಾಬಾದುಗಳಲ್ಲಿ ಕಾರ್ಯಕ್ರಮ ನಿರ್ಮಾಣ ಕೇಂದ್ರಗಳನ್ನು ಸ್ಥಾಪಿಸಿತು. ತೆಲುಗಿನೊಂದಿಗೆ ಕನ್ನಡದ ಕಾರ್ಯಕ್ರಮಗಳ ಹೊಣೆಯೂ ಹೈದರಾಬಾದಿನ ಕೇಂದ್ರದ್ದಾಗಿತ್ತು. ಮಕ್ಕಳ ವಿಜ್ಞಾನ ಕಾರ್ಯಕ್ರಮಗಳ ನಿರ್ಮಾಣವನ್ನು ಇಸ್ರೋ ತನ್ನ ಮುಂಬಯಿ ಸ್ಟುಡಿಯೋದಲ್ಲಿ ಕೈಗೊಂಡಿತು. ಪಠ್ಯಪುಸ್ತಕವನ್ನು ತೆರೆಯ ಮೇಲೆ ಮತ್ತೊಮ್ಮೆ ಓದಿಸುವುದು ಈ ಕಾರ್ಯಕ್ರಮಗಳ ಗುರಿಯಾಗಿರಲಿಲ್ಲ. ಕಲಿಕೆಯನ್ನು ಆಸಕ್ತಿದಾಯಕವೂ ಸೃಜನಶೀಲವೂ ಆಗಿಸುವುದು, ಸುತ್ತಲಿನ ಲೋಕವನ್ನು ಕಣ್ತೆರೆದು ನೋಡುವ ಅಭ್ಯಾಸ ಬೆಳೆಸುವುದು ಅವುಗಳ ಘೋಷಿತ ಆಶಯ. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುತ್ತಿದ್ದ ಶಾಲೆಗಳ ಸಂದರ್ಭದಲ್ಲಿ, ತರಗತಿಯ ಭೇದವಿಲ್ಲದೆ ಎಲ್ಲರೂ ಒಟ್ಟಿಗೆ ನೋಡಬಹುದಾದ ಕಿರುಚಿತ್ರ ಒಂದು ಪ್ರಾಯೋಗಿಕ ಅಗತ್ಯವೂ ಆಗಿತ್ತು.

ಶಿಕ್ಷಕರನ್ನು ಬದಿಗಿಟ್ಟು ಮಕ್ಕಳನ್ನು ನೇರವಾಗಿ ತಲುಪುವ ಭ್ರಮೆ ಯೋಜಕರಿಗೆ ಇರಲಿಲ್ಲ ಎಂಬುದೂ ಗಮನಾರ್ಹ. ಶಾಲೆಗೆ ರಜೆಯಿದ್ದ ದಿನಗಳಲ್ಲಿ ಅದೇ ಉಪಗ್ರಹವನ್ನು ಬಳಸಿ ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನೀಡಲಾಯಿತು. ದೂರದರ್ಶನದ ಪಾಠದ ಜೊತೆಗೆ ಮುದ್ರಿತ ಸಾಮಗ್ರಿ, ಕೈಯಾರೆ ಮಾಡುವ ಪ್ರಯೋಗ, ಗುಂಪು ಚರ್ಚೆಗಳು ಆ ತರಬೇತಿಯ ಅಂಗಗಳಾಗಿದ್ದವು.

ಯಾರ ಕನ್ನಡ?

ಕರ್ನಾಟಕದ ಮೂರು ಜಿಲ್ಲೆಗಳನ್ನು ಆಡಳಿತದ ಕಡತ ಒಂದೇ 'ಗುಚ್ಛ'ವೆಂದು ಕರೆದರೂ ಅವುಗಳ ಶೈಕ್ಷಣಿಕ ಚರಿತ್ರೆ ಒಂದೇ ಆಗಿರಲಿಲ್ಲ. ಗುಲ್ಬರ್ಗಾ ಮತ್ತು ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದು, ಅಲ್ಲಿ ಆಡಳಿತದ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿತ್ತು. ಬಿಜಾಪುರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಈ ಮೂರೂ ಒಂದೇ ರಾಜ್ಯದೊಳಗೆ ಬಂದವು. ರಾಜ್ಯ 'ಕರ್ನಾಟಕ' ಎಂಬ ಹೆಸರು ಪಡೆದು ಎರಡು ವರ್ಷವಾಗುವ ಮೊದಲೇ ಸೈಟ್ ಪ್ರಸಾರ ಆರಂಭವಾಯಿತು. ಅಂದಿನ ಈ ಜಿಲ್ಲೆಗಳಲ್ಲಿ ಇಂದಿನ ಯಾದಗಿರಿ, ಕೊಪ್ಪಳ, ಬಾಗಲಕೋಟೆ ಜಿಲ್ಲೆಗಳ ಪ್ರದೇಶಗಳೂ ಅಡಗಿದ್ದವು.

ಇಂಥ ಪ್ರದೇಶದ ಮಗುವಿಗೆ ಮನೆಯ ಮಾತು ಒಂದು, ಪಠ್ಯಪುಸ್ತಕದ ಕನ್ನಡ ಇನ್ನೊಂದು. ಹೈದರಾಬಾದಿನಲ್ಲಿ ಸಿದ್ಧವಾಗಿ ಅಹಮದಾಬಾದಿನ ಭೂಕೇಂದ್ರದಿಂದ ಮೇಲೇರಿ ಬರುವ ಕನ್ನಡ ಮೂರನೆಯದು. ವಿಜ್ಞಾನದ ಪರಿಭಾಷೆಯ ಪ್ರಶ್ನೆ ಇಲ್ಲಿ ಬರಿಯ ಪದಕೋಶದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮುದ್ರಿತ ಪುಟದಲ್ಲಿ ಕಠಿಣ ಪದ ಬಂದರೆ ಓದುಗ ಹಿಂದಿರುಗಿ ಮತ್ತೊಮ್ಮೆ ಓದಬಲ್ಲ, ಪಕ್ಕದವರನ್ನು ಕೇಳಬಲ್ಲ. ತೆರೆಯ ಮೇಲೆ ಹಾದುಹೋಗುವ ಮಾತಿಗೆ ಆ ಸೌಲಭ್ಯವಿಲ್ಲ. ಆದರೆ ಅದಕ್ಕೆ ಬೇರೊಂದು ಅನುಕೂಲವಿತ್ತು: ಪದ ತಿಳಿಯದಿದ್ದರೂ ವಸ್ತು ಕಣ್ಣೆದುರಿಗಿರುತ್ತದೆ. ಆವಿ, ನೆರಳು, ಬೇರು, ಬೀಜಗಳನ್ನು ತೋರಿಸಿದ ಮೇಲೆ ಹೆಸರಿಸುವ ಈ ಕ್ರಮ, ಹೆಸರನ್ನು ಮೊದಲು ಬಾಯಿಪಾಠ ಮಾಡಿಸುವ ತರಗತಿಯ ರೂಢಿಗೆ ತೀರ ವಿರುದ್ಧವಾದುದು.

ಪ್ರಯೋಗದ ಮೌಲ್ಯಮಾಪನಕ್ಕೆ ಅಪಾರ ಶ್ರಮ ವಹಿಸಲಾಯಿತು. ಮಾನವಶಾಸ್ತ್ರಜ್ಞರು ಆಯ್ದ ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಮಕ್ಕಳ ಮೇಲಿನ ಪರಿಣಾಮವನ್ನು ಅಳೆದ ಅಧ್ಯಯನದಲ್ಲಿ ಕಂಡುಬಂದ ಮುಖ್ಯ ಲಾಭವೆಂದರೆ ಭಾಷಾ ಬೆಳವಣಿಗೆ ಮತ್ತು ಬೇರೆ ಬೇರೆ ಮೂಲಗಳಿಂದ ತಿಳಿವಳಿಕೆ ಪಡೆಯುವ ಆಸಕ್ತಿ. ಶಾಲೆಯ ಹಾಜರಾತಿಯ ಮೇಲೆ, ಮಕ್ಕಳು ಶಾಲೆ ಬಿಡುವ ಪ್ರಮಾಣದ ಮೇಲೆ ಗಣನೀಯ ಪರಿಣಾಮ ಕಾಣಲಿಲ್ಲ. ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಓದಬೇಕು. ಚಿತ್ರ ಮಗುವಿನ ಮಾತನ್ನು ಬೆಳೆಸಬಲ್ಲುದು, ಪ್ರಶ್ನೆಯನ್ನು ಹುಟ್ಟಿಸಬಲ್ಲುದು. ಹೊಲದ ಕೆಲಸಕ್ಕೆ, ತಮ್ಮ ತಂಗಿಯರನ್ನು ನೋಡಿಕೊಳ್ಳಲಿಕ್ಕೆ ಮನೆಯಲ್ಲಿ ಉಳಿಯಬೇಕಾದ ಮಗುವನ್ನು ಅದು ಶಾಲೆಗೆ ಕರೆತರಲಾರದು.

ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. 1975ರ ಜೂನ್ 25ರಂದು ಘೋಷಿತವಾದ ತುರ್ತು ಪರಿಸ್ಥಿತಿಯ ಅವಧಿಯಲ್ಲೇ ಸೈಟ್ ಸಂಪೂರ್ಣವಾಗಿ ನಡೆಯಿತು. ಪ್ರಶ್ನೆ ಕೇಳುವುದನ್ನು ಬೆಳಗಿನ ಪ್ರಸಾರ ಮಕ್ಕಳಿಗೆ ಕಲಿಸಹೊರಟ ವರ್ಷದಲ್ಲಿಯೇ ದೊಡ್ಡವರ ಪ್ರಶ್ನೆಗಳಿಗೆ ನಿರ್ಬಂಧವಿತ್ತು. ಮಾಧ್ಯಮದ ಒಡೆತನ ಪ್ರಭುತ್ವದ್ದೇ ಆಗಿದ್ದಾಗ ಈ ವೈರುಧ್ಯ ಅನಿವಾರ್ಯವಾಗಿತ್ತು.

ನಿಂತುಹೋದ ಮೇಲೆ

ಒಪ್ಪಂದದಂತೆ 1976ರ ಜುಲೈ 31ಕ್ಕೆ ಪ್ರಸಾರ ಮುಗಿಯಿತು, ಉಪಗ್ರಹ ಹಿಂದಿರುಗಿತು. 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಆರಂಭಗೊಂಡು ಕರ್ನಾಟಕದ ಮೊದಲ ಕೇಂದ್ರವೆನಿಸಿತು. ಸೈಟ್ ಹಳ್ಳಿಗಳ ಒಂದು ಭಾಗಕ್ಕೆ ಇದರಿಂದ ಪ್ರಸಾರ ಮತ್ತೆ ದೊರೆಯಿತು. ಆದರೆ ಭೂಪ್ರಸಾರದ ವ್ಯಾಪ್ತಿ ಮಿತವಾದುದು.

ನಿಜವಾದ ಹಿನ್ನಡೆ ಉಂಟಾದುದು ಮುಂದಿನ ದಶಕದಲ್ಲಿ. ಭಾರತದ್ದೇ ಆದ ಇನ್‌ಸ್ಯಾಟ್-1ಬಿ ಉಪಗ್ರಹ 1983ರ ಆಗಸ್ಟ್‌ನಲ್ಲಿ ಉಡಾವಣೆಗೊಂಡ ನಂತರ ಪ್ರಾಥಮಿಕ ಶಾಲಾ ಮಕ್ಕಳಿಗಾಗಿ ಶೈಕ್ಷಣಿಕ ದೂರದರ್ಶನ ಸೇವೆ ಪುನಃ ರೂಪುಗೊಂಡಿತು. ಅದಕ್ಕೆ ಆಂಧ್ರಪ್ರದೇಶ, ಬಿಹಾರ, ಗುಜರಾತ್, ಮಹಾರಾಷ್ಟ್ರ, ಒರಿಸ್ಸಾ ಮತ್ತು ಉತ್ತರಪ್ರದೇಶಗಳನ್ನು ಆರಿಸಿ, ಆ ರಾಜ್ಯಗಳಲ್ಲಿ ಶೈಕ್ಷಣಿಕ ತಂತ್ರಜ್ಞಾನ ಸಂಸ್ಥೆಗಳನ್ನು ಸ್ಥಾಪಿಸಲಾಯಿತು. ಕಾರ್ಯಕ್ರಮಗಳ ಭಾಷೆಗಳು ಹಿಂದಿ, ಗುಜರಾತಿ, ಮರಾಠಿ, ಒರಿಯಾ ಮತ್ತು ತೆಲುಗು. 1975ರಲ್ಲಿ ನಾಲ್ಕು ಭಾಷೆಗಳಲ್ಲಿ ಒಂದಾಗಿದ್ದ ಕನ್ನಡಕ್ಕೆ ಈ ಐದರ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಸೈಟ್‌ನ ನಾಲ್ಕು ಭಾಷೆಗಳಲ್ಲಿ ಹೀಗೆ ಕೈಬಿಟ್ಟುಹೋದುದು ಕನ್ನಡವೊಂದೇ. ಒಂದು ವರ್ಷದಲ್ಲಿ ಗಳಿಸಿದ ಅನುಭವ, ಮಕ್ಕಳ ಚಿತ್ರಕ್ಕೆ ಒಗ್ಗುವ ಕನ್ನಡ, ತರಬೇತಾದ ಶಿಕ್ಷಕರ ನೆನಪು ಇವುಗಳನ್ನು ಮುಂದುವರಿಸಬೇಕಾದ ಸಂಸ್ಥೆಯೊಂದು ಕನ್ನಡಕ್ಕೆ ಸಕಾಲದಲ್ಲಿ ದೊರೆಯಲಿಲ್ಲ.

ಈ ಅವಧಿಯಲ್ಲಿ ಕನ್ನಡದ ವಿಜ್ಞಾನ ಪ್ರಸಾರ ಮುದ್ರಣದ ಕಡೆಗೇ ಹೊರಳಿತು. 1978ರಲ್ಲಿ ಆರಂಭವಾದ 'ಬಾಲವಿಜ್ಞಾನ' ಮಾಸಪತ್ರಿಕೆ, 1980ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಶಿಕ್ಷಕರನ್ನೂ ಮಕ್ಕಳನ್ನೂ ತಲುಪುವ ಕೆಲಸವನ್ನು ಹೊತ್ತವು. ತೆರೆ ಕೈತಪ್ಪಿದ ಕಾಲದಲ್ಲಿ ಪುಟವೇ ಕನ್ನಡ ಮಗುವಿನ ಆಸರೆಯಾಯಿತು.

ಉಪಗ್ರಹ ಕನ್ನಡ ಶಾಲೆಗೆ ಮರಳಲು ಸುಮಾರು ಮೂರು ದಶಕ ಬೇಕಾಯಿತು. 2004ರ ಸೆಪ್ಟೆಂಬರ್ 20ರಂದು ಉಡಾಯಿಸಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹ. ಅದರ ಪ್ರಾಥಮಿಕ ಶಿಕ್ಷಣ ಯೋಜನೆಗೆ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಶಾಲೆಗಳು ಒಳಪಟ್ಟವು. 2010ರಲ್ಲಿ ಆ ಉಪಗ್ರಹದ ಸೇವೆಯೂ ಮುಗಿಯಿತು. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಪ್ರಸಾರಗೊಂಡವು.

ಇವೆಲ್ಲಕ್ಕೂ ಬೇರೆಯದೇ ಆದ ಧಾರೆಯೊಂದು ಇದೇ ಕಾಲದಲ್ಲಿ ಬೆಳೆಯಿತು. 1972ರಲ್ಲಿ ಮಧ್ಯಪ್ರದೇಶದಲ್ಲಿ ಮೊದಲಾದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಿಂದ ಪ್ರೇರಣೆ ಪಡೆದ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ, ಸೈಕಲ್ ಟ್ಯೂಬ್, ಹಳೆಯ ಕಾಗದಗಳಿಂದ ವಿಜ್ಞಾನದ ಆಟಿಕೆಗಳನ್ನು ರೂಪಿಸಿದರು. ಪುಣೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿದ್ದಾಗ ಸಹೋದ್ಯೋಗಿಗಳೊಡನೆ ಅವುಗಳ ಕಿರುಚಿತ್ರಗಳನ್ನು ತಯಾರಿಸಿ ಎಲ್ಲರಿಗೂ ಉಚಿತವಾಗಿ ಒದಗಿಸಿದರು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಅವುಗಳ ಧ್ವನಿ ಜೋಡಣೆಯಾಯಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನೋಡಿದ ಮಗು ಕೂಡಲೇ ತಾನೇ ಮಾಡಿ ನೋಡಬಹುದು ಎಂಬುದು ಈ ಚಿತ್ರಗಳ ಜೀವಾಳ. ಉಪಗ್ರಹ ನಿಂತರೂ ಇವು ನಿಲ್ಲಬೇಕಾಗಿಲ್ಲ.

ಸಮಾರೋಪ

ಸೈಟ್ ಪ್ರಯೋಗವನ್ನು ಭಾರತದ ಬಾಹ್ಯಾಕಾಶ ಸಾಧನೆಯ ಮೈಲಿಗಲ್ಲೆಂದು ಸ್ಮರಿಸುವುದು ವಾಡಿಕೆ. ತಂತ್ರಜ್ಞಾನದ ದೃಷ್ಟಿಯಿಂದ ಅದು ಸರಿಯೇ. ಶಿಕ್ಷಣದ ಚರಿತ್ರೆಯಲ್ಲಿ ಮಾತ್ರ ಅದು ಅರ್ಧಕ್ಕೆ ನಿಂತ ಪಾಠ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಹಿಂದುಳಿದಿದೆ ಎಂಬ ಕಾರಣಕ್ಕೆ 1975ರಲ್ಲಿ ಆಯ್ಕೆಯಾದ ನಾಡು ಕಾಲು ಶತಮಾನದ ಬಳಿಕವೂ ಅದೇ ಕಾರಣಕ್ಕೆ ವರದಿಯಲ್ಲಿ ಕಾಣಿಸಿಕೊಂಡಿತು.

ಇದನ್ನು ತಂತ್ರಜ್ಞಾನದ ಸೋಲೆನ್ನಲಾಗದು. ಅಂದು ತಂತ್ರಜ್ಞಾನ ತನ್ನ ಕೆಲಸವನ್ನು ಮಾಡಿತ್ತು. ಎರವಲು ಪಡೆದ ಸಾಧನದ ಅವಧಿ ಮುಗಿದಾಗ ಅದರಿಂದ ಕಲಿತುದನ್ನು ಕಾಯ್ದುಕೊಳ್ಳುವ ಸಂಸ್ಥೆ, ಅದನ್ನು ಬೆಳೆಸುವ ಭಾಷಾನೀತಿ ಹಾಗೂ ಅದನ್ನು ತರಗತಿಯಲ್ಲಿ ಮುಂದುವರಿಸುವ ಶಿಕ್ಷಕರಿಗೆ ನಿರಂತರ ಬೆಂಬಲ ಈ ಮೂರೂ ಕನ್ನಡಕ್ಕೆ ಇಲ್ಲವಾದವು. ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷಗಳ ಆ ಕನ್ನಡ ಪಾಠ ಒಂದು ವರ್ಷದ ಮಟ್ಟಿಗಾದರೂ ಮಗುವಿನ ಕುತೂಹಲಕ್ಕೂ ಮಗುವಿನ ಭಾಷೆಗೂ ಸಮಾನ ಮರ್ಯಾದೆ ನೀಡಿತ್ತು. ಹೊಸ ಸಾಧನಗಳ ಬಗ್ಗೆ ಯೋಜನೆ ರೂಪಿಸುವವರು ಅವುಗಳ ವೇಗ ಮತ್ತು ವ್ಯಾಪ್ತಿಗಳಿಗಿಂತ ಮೊದಲು ಈ ಮರ್ಯಾದೆಯನ್ನು ಉಳಿಸುವ ವ್ಯವಸ್ಥೆಯನ್ನು ಕುರಿತು ಯೋಚಿಸಬೇಕು ಎಂಬುದನ್ನು ಸೈಟ್‌ನ ಚರಿತ್ರೆ ಸೂಚಿಸುತ್ತದೆ.