ಕಸ್ಟಮ್ ಫರ್ಮ್‌ವೇರ್ ಹಾಕಿದ್ರೆ ಗೇಮ್ ಕನ್ಸೋಲ್ ಸುಟ್ಟುಹೋಗುತ್ತಾ?

ದಾವಣಗೆರೆಯ ಹುಡುಗರು ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆ ಇದು. ಮನೆಯಲ್ಲಿ ಕಾಡಿಬೇಡಿ ದುಡ್ಡು ಹೊಂದಿಸಿ ಸೆಕೆಂಡ್ ಹ್ಯಾಂಡ್ ಕನ್ಸೋಲ್ ತರ್ತಾರೆ. ಅದು ಬಿಸಿಯಾಗಿ ನಿಂತ್ರೆ ‘ಸಾಫ್ಟ್‌ವೇರ್ ಬದಲಾಯಿಸಿದ್ದೇ ತಪ್ಪು’ ಅಂತಾರೆ. ನಿಜಾನಾ? ಇತಿಹಾಸ ನೋಡೋಣ.

ಫರ್ಮ್‌ವೇರ್ ಅಂದ್ರೆ ಚಿಪ್ ಎಷ್ಟು ವೇಗದಲ್ಲಿ ಓಡಬೇಕು, ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕು ಅಂತ ಹೇಳೋ ಒಳಗಿನ ಸಾಫ್ಟ್‌ವೇರ್. ಅದನ್ನ ಹೊರಗಿನವರು ತಿದ್ದಿದ್ರೆ ಕಸ್ಟಮ್. ಹರಿಹರದವರಿಗೆ ಇದು ಬೇಗ ಅರ್ಥ ಆಗುತ್ತೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅಲ್ಲೇ ಲೇತ್ ತಯಾರಿಸ್ತಿತ್ತು. ಲೇತ್ ಮೇಲೆ ಕೆಲಸ ಮಾಡಿದ ಹಿರಿಯರನ್ನ ಕೇಳ್ರಿ: ವೇಗ ಏರಿಸಿದ್ರೆ ಟೂಲ್ ಬಿಸಿಯಾಗುತ್ತೆ, ಕೂಲಂಟ್ ಬೇಕಾಗುತ್ತೆ. ವೇಗದ ಪಟ್ಟಿ ಬರೆದವರು ಯಾರು ಅನ್ನೋದು ಮುಖ್ಯ ಅಲ್ಲ, ಯಂತ್ರವನ್ನ ಎಷ್ಟು ವೇಗಕ್ಕೆ ಇಟ್ರು ಅನ್ನೋದು ಮುಖ್ಯ.

ಮೊದಲು ಪಿಎಸ್‌ಪಿ. 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಂತು. ಅದರ ಚಿಪ್ 333 ಮೆಗಾಹರ್ಟ್ಸ್‌ವರೆಗೂ ಓಡಬಲ್ಲದು, ಆದ್ರೆ ಸೋನಿ ಆಟಗಳಿಗೆ 222ಕ್ಕೆ ಬೇಲಿ ಹಾಕಿತ್ತು. ಕಸ್ಟಮ್ ಫರ್ಮ್‌ವೇರ್ ಆ ಬೇಲಿ ತೆಗೀತು. ಬ್ಯಾಟರಿ ಬೇಗ ಖಾಲಿಯಾಗ್ತಿತ್ತು. ಆದ್ರೆ 2007ರಲ್ಲಿ 3.50 ಅಪ್‌ಡೇಟ್‌ನಲ್ಲಿ ಸೋನಿಯೇ 333ಕ್ಕೆ ಅನುಮತಿ ಕೊಡ್ತು! ಅಂದ್ರೆ ಚಿಪ್ ವಿನ್ಯಾಸದ ಮಿತಿಯೊಳಗೇ ಇತ್ತು.

ಈಗ ಉಲ್ಟಾ ಕಥೆ. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360ರ ಮೂರು ಕೆಂಪು ದೀಪ ಕುಖ್ಯಾತ. ಏನೂ ತಿದ್ದದ, ಕಂಪನಿ ಕೊಟ್ಟಂತೆಯೇ ಇದ್ದ ಯಂತ್ರಗಳೂ ರಾಶಿ ರಾಶಿ ಸತ್ತವು. ಆನ್ ಮಾಡಿದಾಗ ಬಿಸಿ, ಆಫ್ ಮಾಡಿದಾಗ ತಂಪು. ಹೀಗೆ ಹಿಗ್ಗಿ ಕುಗ್ಗಿ ಚಿಪ್‌ನ ಒಳಗಿನ ಬೆಸುಗೆ ಬಿರುಕು ಬಿಡ್ತಿತ್ತು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನ 3 ವರ್ಷಕ್ಕೆ ಏರಿಸಿ, 100 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಟ್ಟಿತು. ತಪ್ಪು ಹಾರ್ಡ್‌ವೇರ್‌ನದ್ದು.

ಪಿಎಸ್3 ಇನ್ನೊಂದು ಮುಖ ತೋರಿಸುತ್ತೆ. 2011ರಿಂದ ಅದಕ್ಕೆ ಕಸ್ಟಮ್ ಫರ್ಮ್‌ವೇರ್ ಹರಡಿದ ಮೇಲೆ, ಫ್ಯಾನ್ ವೇಗವನ್ನ ಕೈಯಾರೆ ಏರಿಸೋ ಟೂಲ್‌ಗಳು ಬಂದವು. ಯಂತ್ರ ಇನ್ನೂ ತಂಪಾಗಿರ್ಲಿ ಅಂತಲೇ ಅದನ್ನ ಹಾಕಿಕೊಂಡವರೂ ಇದ್ದಾರೆ. ಅದೇ ಟೂಲ್‌ನಲ್ಲಿ ಫ್ಯಾನ್ ಇಳಿಸಿ, ಸದ್ದು ಕಡಿಮೆ ಆಯ್ತು ಅಂತ ಖುಷಿಪಟ್ರೆ? ಬಿಸಿ ಏರುತ್ತೆ.

ಹಾಗಾಗಿ ನನ್ನ ಉತ್ತರ: ಫರ್ಮ್‌ವೇರ್ ಬದಲಾಯಿಸಿದ ಮಾತ್ರಕ್ಕೆ ಕನ್ಸೋಲ್ ಬಿಸಿಯಾಗಲ್ಲ. ಕ್ಲಾಕ್ ಏರಿಸಿದ್ರೆ, ಫ್ಯಾನ್ ಇಳಿಸಿದ್ರೆ ಆಗಬಹುದು. ಫ್ಲ್ಯಾಶ್ ಮಾಡೋವಾಗ ಕರೆಂಟ್ ಹೋದ್ರೆ ಯಂತ್ರ ಇಟ್ಟಿಗೆಯಾಗಬಹುದು, ಆದ್ರೆ ಅದು ಬಿಸಿಯಿಂದ ಆದ ಸಾವಲ್ಲ. ವಾರಂಟಿ ಹೋಗುತ್ತೆ ಅನ್ನೋದನ್ನೂ ಮರೀಬೇಡಿ.

ಇನ್ನೊಂದು ಮಾತು. ಫ್ಯಾನ್ ರೂಮಿನ ಗಾಳಿಯನ್ನೇ ಒಳಗೆ ಊದುತ್ತೆ, ಅದು ಏಸಿ ಅಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಆ ಗಾಳಿಯೇ ಕಾದಿರುತ್ತೆ. ಹಳೇ ಕನ್ಸೋಲ್ ತಗೊಂಡ್ರೆ ಮೊದಲು ಧೂಳು ತೆಗೆಸಿ, ಚಿಪ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಹೊಸದು ಹಾಕಿಸಿ, ಟಿವಿ ಸ್ಟ್ಯಾಂಡಿನ ಮುಚ್ಚಿದ ಗೂಡಿನಿಂದ ಹೊರಗಿಡಿ. ಸಾಫ್ಟ್‌ವೇರ್ ಮೇಲೆ ಗೂಬೆ ಕೂರಿಸೋದು ಅದೆಲ್ಲ ಆದ ಮೇಲೆ.