ಹಬ್ಬದ ಶುಭಾಶಯ ಮತ್ತು ಇಂಗ್ಲಿಷ್ ಕಲಿಕೆ: ದಕ್ಷಿಣ ಬೆಂಗಳೂರು

ಹಬ್ಬ, ರಜೆ, ಹೊಸ ವರ್ಷಗಳಲ್ಲಿ ಹೇಳುವ ಶುಭಾಶಯಗಳನ್ನೂ ಅವುಗಳ ಸುತ್ತಲಿನ ಪದಗಳನ್ನೂ ಹಿಡಿದು ದಿನಬಳಕೆಯ ಇಂಗ್ಲಿಷ್ ಕಲಿಯುವ ರೂಢಿ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ಇದು ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ನಡೆಯುವುದಕ್ಕಿಂತ ಹೆಚ್ಚಾಗಿ ಮನೆಬಾಗಿಲು, ಕಚೇರಿ, ಅಪಾರ್ಟ್‌ಮೆಂಟಿನ ಲಿಫ್ಟುಗಳಲ್ಲಿ ನಡೆಯುತ್ತದೆ.

1948ರಲ್ಲಿ ರೂಪುಗೊಂಡ ಜಯನಗರ ಬಹುಕಾಲ ಕನ್ನಡದಲ್ಲೇ ಹಬ್ಬ ಮಾಡಿದ ಬಡಾವಣೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಹಳ್ಳಿಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿ.ಟಿ.ಎಂ. ಲೇಔಟ್‌ನಲ್ಲಿ ಐ.ಟಿ. ಉದ್ಯೋಗಿಗಳೂ ಪಿ.ಜಿ.ಗಳೂ ತುಂಬಿಕೊಂಡ ಮೇಲೆ, ಪಕ್ಕದ ಮನೆಯವರಿಗೆ ಹಬ್ಬದ ಮಾತು ಹೇಳಲು ಇಂಗ್ಲಿಷ್ ಬೇಕಾಯಿತು. ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಆದರೆ ಪಾಠದಲ್ಲಿ ಓದಿದ್ದನ್ನು ಬಾಯಿಬಿಟ್ಟು ಹೇಳಲು ಧೈರ್ಯ ಬರುವುದು ಇಂಥ ಸಂದರ್ಭಗಳಲ್ಲೇ.

ಶುಭಾಶಯ ಕಲಿಕೆಗೆ ಒದಗುವುದಕ್ಕೆ ಕಾರಣವಿದೆ. ಅದು ಸಿದ್ಧವಾಗಿರುವ ಮಾತು. ವ್ಯಾಕರಣ ಗೊತ್ತಿಲ್ಲದವರೂ ಇಡಿಯಾಗಿ ಹೇಳಬಹುದು. ಮಾಹಿತಿಗಿಂತ ಬಾಂಧವ್ಯಕ್ಕಾಗಿ ಆಡುವ ಇಂಥ ಮಾತುಗಳನ್ನು ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲೇ ಪ್ರತ್ಯೇಕವಾಗಿ ಗುರುತಿಸಿದ. ಪದಗಳನ್ನು ಬಿಡಿಬಿಡಿಯಾಗಿ ಕಲಿಸದೆ ಗೊಂಚಲಾಗಿ ಕಲಿಸಬೇಕೆಂದು ಮೈಕೇಲ್ ಲೂಯಿಸ್ 1993ರ ‘ದ ಲೆಕ್ಸಿಕಲ್ ಅಪ್ರೋಚ್’ ಪುಸ್ತಕದಲ್ಲಿ ವಾದಿಸಿದ. ‘ಹ್ಯಾಪಿ’ ಎಂಬುದರ ಮುಂದೆ ಯುಗಾದಿ, ದೀಪಾವಳಿ, ಈದ್ ಯಾವುದನ್ನಿಟ್ಟರೂ ಮಾತು ಪೂರ್ತಿಯಾಗುತ್ತದೆ. ‘ಮೆರಿ’ ಮಾತ್ರ ಹೆಚ್ಚಾಗಿ ಕ್ರಿಸ್‌ಮಸ್ಸಿಗೇ ಅಂಟಿಕೊಂಡಿದೆ. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಅಚ್ಚು ಹಾಕಿಸಿದ ಮೊದಲ ಕ್ರಿಸ್‌ಮಸ್ ಕಾರ್ಡಿನಲ್ಲೂ ಇದ್ದದ್ದು ಇದೇ ಪದ.

ಕನ್ನಡಿಗರು ಎಡವುವ ಜಾಗಗಳು ಕೆಲವೇ. ಕನ್ನಡದಲ್ಲಿ ಆರ್ಟಿಕಲ್ ಇಲ್ಲದ್ದರಿಂದ ‘ಐ ವಿಶ್ ಯು ಎ ಹ್ಯಾಪಿ ದೀಪಾವಳಿ’ ಎನ್ನುವಲ್ಲಿ ನಡುವಿನ ‘ಎ’ ಬಿಟ್ಟುಹೋಗುತ್ತದೆ. ‘ಮೆನಿ ಹ್ಯಾಪಿ ರಿಟರ್ನ್ಸ್’ ಹುಟ್ಟುಹಬ್ಬದ ಮಾತು, ಅದನ್ನು ಗಣೇಶನ ಹಬ್ಬಕ್ಕೂ ಹೇಳುವವರಿದ್ದಾರೆ. ಗುಡ್ ಫ್ರೈಡೆ ಯೇಸುವಿನ ಮರಣವನ್ನು ನೆನೆಯುವ ದಿನ. ಮೊಹರಂ ಅನೇಕ ಮುಸ್ಲಿಮರಿಗೆ, ವಿಶೇಷವಾಗಿ ಶಿಯಾಗಳಿಗೆ, ಶೋಕದ ಕಾಲ. ಅಲ್ಲಿ ‘ಹ್ಯಾಪಿ’ ಸಲ್ಲದು. ಇದನ್ನು ಭಾಷೆಯ ಪಾಠದ ಜೊತೆಗೇ ಹೇಳಿಕೊಡಬೇಕು. ‘ರಜೆ’ಯ ವಿಷಯವೂ ಹಾಗೆಯೇ: ಹಬ್ಬಕ್ಕೆ ಕಚೇರಿ ಮುಚ್ಚಿದರೆ ಹಾಲಿಡೇ, ನಾವೇ ಅರ್ಜಿ ಹಾಕಿ ಪಡೆದರೆ ಲೀವ್, ಮಕ್ಕಳ ಬೇಸಿಗೆ ರಜೆ ಅಮೆರಿಕದವರಿಗೆ ವೆಕೇಶನ್. ಅಮೆರಿಕದ ಕಂಪನಿಗಳ ಜೊತೆ ಕೆಲಸ ಮಾಡುವವರಿಗೆ ನವೆಂಬರಿನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್‌ನಿಂದ ವರ್ಷದ ಕೊನೆಯವರೆಗೂ ‘ಹ್ಯಾಪಿ ಹಾಲಿಡೇಸ್’ ಕೇಳಿಬರುತ್ತದೆ. ಯಾವ ಹಬ್ಬವನ್ನೂ ಹೆಸರಿಸದ ಆ ಮಾತು ಎಲ್ಲ ಧರ್ಮದವರಿಗೂ ಸಲ್ಲುತ್ತದೆ.

ಉತ್ತರ ಕೊಡುವುದು ಇನ್ನೂ ಸೂಕ್ಷ್ಮ. ‘ಸೇಮ್ ಟು ಯು’ ಸಮವಯಸ್ಕರಲ್ಲಿ ಸಾಕು. ನಮ್ಮಲ್ಲಿ ಕಿರಿಯರು ನಮಸ್ಕಾರ ಮಾಡಿದರೆ ಹಿರಿಯರು ಅದನ್ನೇ ಹಿಂದಿರುಗಿಸುವುದಿಲ್ಲ, ‘ಒಳ್ಳೇದಾಗ್ಲಿ, ಚೆನ್ನಾಗಿರು’ ಎಂದು ಹರಸುತ್ತಾರೆ. ಆ ಮನಸ್ಸೇ ಹಳೆಯ ಮೇಷ್ಟ್ರುಗಳ ‘ಗಾಡ್ ಬ್ಲೆಸ್ ಯು’ ಎಂಬ ಮಾತಿನಲ್ಲೂ ಇದೆ.

ಕಲಿಕೆ ಶುಭಾಶಯ ದಾಟಿ ಮುಂದೆ ಹೋಗುವುದು ಸಂಕ್ರಾಂತಿಯಲ್ಲಿ. ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಎಳ್ಳು ಬೀರಲು ಹೊರಟ ಹುಡುಗಿ ಉತ್ತರ ಭಾರತದ ನೆರೆಯವರ ಬಾಗಿಲು ತಟ್ಟಿ ‘ಹ್ಯಾಪಿ ಸಂಕ್ರಾಂತಿ, ಆಂಟಿ’ ಎನ್ನುತ್ತಾಳೆ. ‘ವಾಟ್ ಈಸ್ ದಿಸ್?’ ಎಂಬ ಪ್ರಶ್ನೆ ಬಂದ ಕೂಡಲೇ ತಟ್ಟೆಯೇ ಪಾಠವಾಗುತ್ತದೆ: ಎಳ್ಳಿಗೆ ಸೆಸಮಿ, ಬೆಲ್ಲಕ್ಕೆ ಜ್ಯಾಗರಿ, ಕೊಬ್ಬರಿಗೆ ಡ್ರೈ ಕೋಕೋನಟ್, ಹುರಿಗಡಲೆಗೆ ರೋಸ್ಟೆಡ್ ಗ್ರಾಮ್. ಸಕ್ಕರೆ ಅಚ್ಚಿಗೆ ಹೆಸರು ಹೊಳೆಯದೆ, ಅದನ್ನು ಮರದ ಅಚ್ಚಿನಲ್ಲಿ ಪಾಕ ಹೊಯ್ದು ಮಾಡುತ್ತಾರೆಂದು ವಿವರಿಸಬೇಕಾಗುತ್ತದೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಎಂಬ ಮಾತನ್ನು ಇಂಗ್ಲಿಷಿಗೆ ತರುವ ಹೊತ್ತಿಗೆ ಅವಳು ನಾಲ್ಕಾರು ಪೂರ್ಣ ವಾಕ್ಯ ಆಡಿರುತ್ತಾಳೆ. ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲದ ನಿಂಬೆಹಣ್ಣಿನ ದೀಪವನ್ನೋ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೋ ಹೊರಗಿನವರಿಗೆ ವಿವರಿಸುವಾಗಲೂ ಇಂಥದೇ ಅಭ್ಯಾಸವಾಗುತ್ತದೆ.

ಮಾರುಕಟ್ಟೆಯ ಪುಸ್ತಕಗಳು ಹಬ್ಬದ ಪಾಠವೆಂದರೆ ಹಿಮ, ಸಾಂಟಾ, ಸ್ಟಾಕಿಂಗ್ ಎಂದುಕೊಂಡಿರುವುದು ದೊಡ್ಡ ಕೊರತೆ. ಕ್ರಿಸ್‌ಮಸ್ ಇಲ್ಲಿನ ಹಬ್ಬವೂ ಹೌದು, ಅದನ್ನು ಕಲಿಸಲೇಬೇಕು. ಆದರೆ ಮಗು ತಾನು ಕಂಡು ಉಂಡದ್ದನ್ನು ಹೇಳಲು ತವಕಿಸುವಷ್ಟು, ಕಾಣದ್ದನ್ನು ಹೇಳಲು ತವಕಿಸುವುದಿಲ್ಲ. ಶ್ರಾವಣದಿಂದ ಕಾರ್ತೀಕದವರೆಗೆ ಹಬ್ಬಗಳ ಸಾಲೇ ಇರುವಾಗ ಕಲಿಸುವವರು ಡಿಸೆಂಬರಿಗೆ ಕಾಯಬೇಕಿಲ್ಲ. ವರಮಹಾಲಕ್ಷ್ಮಿ ಹಬ್ಬದಿಂದಲೇ ಪಾಠ ಶುರುಮಾಡಲಿ.