ಹೊರಗೆ ನಿಂತು ಕಂಡ ಅರಮನೆ

ಹಂಪಿಯ ರಾಜಾವರಣಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ: “ಸರ್, ಅರಮನೆ ಎಲ್ಲಿ?” ಅವರು ನಿಂತಿರುವುದು ಅರಮನೆಯ ಎದುರಿಗೇ. ಕಾಣುವುದು ಮಾತ್ರ ಕಲ್ಲಿನ ಜಗಲಿ, ಮೆಟ್ಟಿಲು, ಕಂಬಗಳು ನಿಂತಿದ್ದ ಗುರುತು. ನೂರು ಕಂಬಗಳ ಸಭಾಮಂಟಪವೆಂದು ಗುರುತಿಸಲಾದ ಕಟ್ಟಡದಲ್ಲಿ ಉಳಿದಿರುವುದು ಹತ್ತು ಹತ್ತರ ಸಾಲಿನಲ್ಲಿ ಕಂಬಗಳ ನೆಲೆಗಳಷ್ಟೆ.

1565ರ ಯುದ್ಧಾನಂತರದ ವಿನಾಶವನ್ನೇ ಇದಕ್ಕೆ ಕಾರಣವಾಗಿ ಹೇಳುವುದು ವಾಡಿಕೆ. ಅದು ಅರ್ಧ ಉತ್ತರ. ಅರಮನೆಯ ಮೇಲ್ಕಟ್ಟು ಬಹುಪಾಲು ಮರದ್ದು. ಬೆಂಕಿಗೂ ಮಳೆಗೂ ಅದು ಸುಲಭದ ತುತ್ತು. ದೇವರ ಮನೆಯ ಮಾತು ಬೇರೆ. ಇದೇ ಪ್ರದೇಶದಲ್ಲಿ, ಎಲೆ ಅಡಕೆಯ ಅಂಗಡಿಬೀದಿಯಲ್ಲಿ, ಇಮ್ಮಡಿ ದೇವರಾಯನು ಪಾರ್ಶ್ವನಾಥನಿಗೆ ಚೈತ್ಯಾಲಯವನ್ನು ಕಟ್ಟಿಸಿದನು. ಅದು ಶಿಲಾಮಯವೆಂದು 1426ರ ಶಾಸನ ಎತ್ತಿ ಹೇಳುತ್ತದೆ. ಜಿನನಿಗೆ ಕಲ್ಲು, ತನಗೆ ಮರ: ಕಟ್ಟಿಸಿದವನಿಗೆ ಇದು ವಿಚಿತ್ರವೆನಿಸಿರಲಾರದು.

ಹಾಗಾದರೆ ಆ ಮರದ ಅರಮನೆಯನ್ನು ಅರಿಯುವ ಬಗೆ ಯಾವುದು? ನಮ್ಮ ಸಾಹಿತ್ಯದ ವಿದ್ಯಾರ್ಥಿಗಳು ಕೂಡಲೇ ಕಾವ್ಯಗಳತ್ತ ಕೈಚಾಚುತ್ತಾರೆ. ಸಂಶೋಧನೆಯ ಆರಂಭದ ದಿನಗಳಲ್ಲಿ ನಾನೂ ಕೈಚಾಚಿದ್ದೆ. ಪುರವರ್ಣನೆಯ ಪದ್ಯಗಳಿಂದ ಉಪ್ಪರಿಗೆಗಳ ಲೆಕ್ಕ ತೆಗೆದು ಟಿಪ್ಪಣಿ ಪುಸ್ತಕ ತುಂಬಿಸಿದ್ದೆ. ಅಷ್ಟಾದಶ ವರ್ಣನೆಯ ಕಟ್ಟುಪಾಡಿಗೆ ಒಳಪಟ್ಟ ಕವಿಗೆ ಅಯೋಧ್ಯೆಯೂ ಹಸ್ತಿನಾವತಿಯೂ ಒಂದೇ ಅಚ್ಚಿನವು. ಚಂದ್ರಕಾಂತ ಶಿಲೆ ಎಲ್ಲೆಡೆಯೂ ಒಸರುತ್ತದೆ. ಅದು ಕಾವ್ಯದ ದೋಷವಲ್ಲ, ಅದನ್ನು ಅಳತೆಗೋಲಾಗಿ ಹಿಡಿದ ನನ್ನ ದೋಷ.

ಅಳತೆಗೆ ಒದಗುವವನು ಹೊರಗಿನವನು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಅರಸನಿಲ್ಲದ ವೇಳೆಯಲ್ಲಿ ಅರಮನೆಯ ಕೆಲವು ಭಾಗಗಳನ್ನು ನೋಡಿದನು. ಬಾಗಿಲಲ್ಲಿ ಬಂದವರ ತಲೆ ಎಣಿಸಿ ಒಳಗೆ ಬಿಟ್ಟರಂತೆ. ಗೋಡೆಯಿಂದ ಕಂಬದ ತುದಿಯ ಹೂಗಳವರೆಗೆ ದಂತದಿಂದಲೇ ಆದ ಒಂದು ಕೋಣೆಯನ್ನು ಅವನು ಬೆರಗಾಗಿ ವರ್ಣಿಸುತ್ತಾನೆ. ರಾಣಿವಾಸ ಮಾತ್ರ ಅವನ ಪಾಲಿಗೂ ಮುಚ್ಚಿದ ಬಾಗಿಲು. ನನಗೆ ಅವನ ಬರಹದಲ್ಲಿ ನಂಬಿಕೆ ಹುಟ್ಟಿಸುವುದು ಈ ಮಿತಿಯೇ: ಕಂಡದ್ದೆಲ್ಲಿ ಮುಗಿಯಿತೆಂಬುದನ್ನು ಅವನು ಮರೆಮಾಚುವುದಿಲ್ಲ. ಹಾಗೆಂದು ಅವನ ಮಾತೆಲ್ಲ ಪ್ರಮಾಣವಲ್ಲ. ಭಾಷೆ ತಿಳಿಯದ ಅತಿಥಿ ಅರ್ಥೈಸಿದ್ದರಲ್ಲಿ ತಪ್ಪುಗಳಿರಲೇಬೇಕು. ಆದರೆ ದಂತದ ಕೋಣೆ ಅವನು ಕಣ್ಣಾರೆ ಕಂಡದ್ದು.

ಈಗ ನಾನು ವಿದ್ಯಾರ್ಥಿಗಳನ್ನು ಆ ಜಗಲಿಗಳಿಂದ ನೇರವಾಗಿ ಹಜಾರರಾಮ ದೇವಾಲಯದ ಪ್ರಾಕಾರದ ಬಳಿಗೆ ಕರೆದೊಯ್ಯುತ್ತೇನೆ. ಆನೆ, ಕುದುರೆ, ಕಾಲಾಳು, ನರ್ತಕಿಯರು ಅಲ್ಲಿ ಪಟ್ಟಿಪಟ್ಟಿಯಾಗಿ ಸಾಗುತ್ತಾರೆ. ಪಾಯೆಸ್ ಕಂಡ ಮಹಾನವಮಿಯ ಉತ್ಸವದಲ್ಲಿಯೂ ಇವರೆಲ್ಲ ಇದ್ದರು. ಗೋಡೆಯಲ್ಲಿ ಇವರನ್ನು ಕಡೆದದ್ದು ಅವನಿಗಿಂತ ಸುಮಾರು ಒಂದು ಶತಮಾನ ಮೊದಲು. ಇವನ್ನು ಕೆತ್ತಿರುವುದು ಗೋಡೆಯ ಹೊರಮೈಯಲ್ಲಿ.